ಹೊಟ್ಟೆ ತೊಳಸುವ ಗುಳಿಗೆ

ಬಸುರಿಯ ವಾಂತಿಗೆ ಔಷಧಿ ಒಯ್ಯಲು ಬಸುರಿ ಬರುವುದಿಲ್ಲ. ಗಂಡ ಬರುತ್ತಾನೆ, ಇಲ್ಲವೆ ಮೈದುನ. ಆಕೆ ದಿನಕ್ಕೆ ಎಷ್ಟು ಸಲ ಕಾರುತ್ತಾಳೆ, ಕುಡಿದ ನೀರಾದರೂ ಹೊಟ್ಟೆಯಲ್ಲಿ ನಿಲ್ಲುತ್ತದೆಯೇ, ಉಚ್ಚೆಯ ಬಣ್ಣ ಹೇಗಿದೆ ಎಂದು ಕೇಳಿದರೆ ಅವನಿಗೆ ಒಂದೂ ಗೊತ್ತಿರುವುದಿಲ್ಲ. ಕಿವಿ ಕೆಂಪು ಮಾಡಿಕೊಂಡು ಕೌಂಟರಿನ ಗಾಜಿನ ಕೆಳಗಿನ ಸಾಬೂನು, ಪೌಡರ್ ಡಬ್ಬಿ ನೋಡುತ್ತ ನಿಲ್ಲುತ್ತಾನೆ. ಬನಹಟ್ಟಿಯಲ್ಲಿ ಔಷಧಿ ಅಂಗಡಿ ಇಟ್ಟ ಹೆಂಗಸು ನಾನು. ಗಂಡಸರ ಬಾಯಿ ಬಿಡಿಸುವುದನ್ನು ಅಲ್ಲೇ ಕಲಿತೆ.

ಅವನು ಬಂದದ್ದು ಮುಂಜಾನೆಯ ಗಿರಾಕಿ ಕರಗಿದ ಮೇಲೆ. ನೇಕಾರರ ಮನೆಯ ಹುಡುಗ. ಮನೆಯ ಮುಂದಿನ ಪಡಸಾಲೆಯಲ್ಲೇ ಪಾವರ್‌ಲೂಮ್ ಹಾಕಿಕೊಂಡು ಸೀರೆ ನೇಯುತ್ತಿದ್ದ. ಆ ಮನೆಗಳಲ್ಲಿ ಮಾತು ಎಂದರೆ ಕೂಗು; ಮಗ್ಗದ ಸದ್ದಿನಲ್ಲಿ ಅರ್ಧ ಕಿವಿಗೆ ಬೀಳುತ್ತದೆ, ಇನ್ನರ್ಧ ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಅಂಗಡಿಗೆ ಬಂದರೂ ಅವನು ಕೂಗಿಯೇ ಮಾತಾಡಿದ. ಕೈಯಲ್ಲಿ ಜಮಖಂಡಿಯ ಲೇಡಿ ಡಾಕ್ಟರ್ ಬರೆದ ಚೀಟಿ ಇತ್ತು. ಹೆಂಡತಿಗೆ ಮೂರನೆಯ ತಿಂಗಳು, ಬೆಳಗಾದರೆ ವಾಂತಿ ಹಿಡಿಯುತ್ತದೆ, ಮಧ್ಯಾಹ್ನವಾದರೂ ಬಿಡುವುದಿಲ್ಲ ಎಂದ.

ಡಾಕ್ಟರ್ ಬರೆದದ್ದು ಡಾಕ್ಸಿಲಮೀನ್ ಮತ್ತು ಪಿರಿಡಾಕ್ಸಿನ್ ಎರಡೂ ಕೂಡಿದ ಗುಳಿಗೆ, ಮಲಗುವಾಗ ತೆಗೆದುಕೊಳ್ಳಲು. ಜೊತೆಗೆ ಎಂದಿನಂತೆ ಫೋಲಿಕ್ ಆಸಿಡ್. ಬಸುರಿಯರ ವಾಂತಿಗೆ ಡಾಕ್ಟರುಗಳು ಮೊದಲು ಹಿಡಿಯುವ ಗುಳಿಗೆ ಅದೇ. ಚೀಟಿಯ ಮೇಲಿನ ಹೆಸರು, ಸ್ಟ್ರಿಪ್ಪಿನ ಮೇಲಿನ ಹೆಸರು, ಅವಧಿ ಮುಗಿಯುವ ತಿಂಗಳು, ಮೂರನ್ನೂ ಅವನ ಕಣ್ಣೆದುರೇ ಓದಿದೆ. ಇಡೀ ಸ್ಟ್ರಿಪ್ಪು ಕೊಟ್ಟೆ. ನೀವೂ ಕೇಳಿ ಇಡಿಯದನ್ನೇ ಒಯ್ಯಿರಿ. ಕತ್ತರಿಸಿ ಕೊಟ್ಟ ತುಂಡಿನ ಮೇಲೆ ಹೆಸರಿರುವುದಿಲ್ಲ. ನಾಳೆ ಮನೆಯಲ್ಲಿ ಯಾವುದೋ ತಲೆನೋವಿನ ಗುಳಿಗೆಯ ಜೊತೆ ಸೇರಿ ಹೋಗುತ್ತದೆ.

"ಮಲಗೂ ಮುಂದ ಕೊಡ್ರಿ," ಎಂದು ಹೇಳಿದೆ. "ಹೊಟ್ಟಿ ತೊಳಸೂದಕ್ಕ ಭಾಳ ಛಲೋ ಗುಳಿಗಿ ಇದು."

ಅವನು ಅದನ್ನೇ ಒಯ್ದು ಮನೆಯಲ್ಲಿ, ಎರಡು ಮಗ್ಗ ಓಡುತ್ತಿರುವಾಗ, ತಾಯಿಗೆ ಕೂಗಿ ಹೇಳಿದ.

ಮರುದಿನ ಆ ತಾಯಿ ಬಂದಳು. ಇಳಕಲ್ ಸೀರೆಯ ಸೆರಗು ತಲೆಯ ಮೇಲೆ, ಬೆರಳ ಸಂದಿಯಲ್ಲಿ ಇನ್ನೂ ನೂಲಿನ ಎಳೆ. ಮಗ್ಗದ ಕಂಡಿಕೆಗೆ ನೂಲು ಸುತ್ತುವ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದಳೆಂದು ಕಾಣುತ್ತದೆ. ಗುಳಿಗೆಯ ಪಟ್ಟಿಯನ್ನು ಕೌಂಟರಿನ ಮೇಲಿಟ್ಟು ನನ್ನ ಕಡೆಗೆ ಸರಿಸಿದಳು. ಮಗನಂತೆ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ಅಕ್ಕಾರ, ನಮ್ಮ ಸೊಸಿ ಹೊಟ್ಟಿ ತೊಳಸಾಕ ನಿಮಗ ಯಾರು ಹೇಳ್ಯಾರ?"

"ನಾ ಯಾಕ ಹೇಳ್ಲಿ ಅವ್ವಾರ, ಡಾಕ್ಟರ ಬರದಾರ. ಮೂರ ತಿಂಗಳದಾಗ ಭಾಳ ಮಂದಿಗೆ ಇದನ್ನ ಕೊಡತೇವಿ."

ಪಕ್ಕದಲ್ಲಿ ಕೆಮ್ಮಿನ ಔಷಧಿ ಕೊಳ್ಳಲು ನಿಂತಿದ್ದ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ನನಗೆ ಆಗ ಹೊಳೆಯಿತು.

ನಮ್ಮ ಕಡೆಯ ಮಾತು ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಓಕರಿಕೆ ಬಂದರೆ ಹೊಟ್ಟಿ ತೊಳಸತೈತಿ ಎನ್ನುತ್ತೇವೆ. ಬಸಿರು ನಿಲ್ಲದೆ ಹೋದಾಗ ಆಸ್ಪತ್ರೆಯಲ್ಲಿ ಗರ್ಭಕೋಶ ಸ್ವಚ್ಛ ಮಾಡಿಸುವುದಕ್ಕೂ, ಬೇಡವಾದ ಬಸಿರು ತೆಗೆಸುವುದಕ್ಕೂ ಹೊಟ್ಟಿ ತೊಳಸೂದು ಎಂದೇ ಹೇಳುತ್ತೇವೆ. ಒಂದರಲ್ಲಿ ಹೊಟ್ಟೆ ತಾನೇ ತೊಳಸುತ್ತದೆ, ಇನ್ನೊಂದರಲ್ಲಿ ಇನ್ನೊಬ್ಬರು ತೊಳಸುತ್ತಾರೆ. ಹೇಳುವವರ ದನಿಯಿಂದ ಯಾವುದೆಂದು ತಿಳಿಯುತ್ತದೆ. ಮಗ್ಗದ ಸದ್ದಿನಲ್ಲಿ ದನಿ ಎಲ್ಲಿ ತಿಳಿಯಬೇಕು?

ಈ ಮನೆಯಲ್ಲಿ ಅದು ಬರೀ ಮಾತಾಗಿರಲಿಲ್ಲ. ಹಿಂದಿನ ವರ್ಷ ಇದೇ ಸೊಸೆಯ ಕೂಸು ಹೊಟ್ಟೆಯೊಳಗೇ ಜೀವ ಬಿಟ್ಟು, ಆಸ್ಪತ್ರೆಯಲ್ಲಿ ಹೊಟ್ಟೆ ತೊಳಸಿ ಕಳಿಸಿದ್ದರು. ಅತ್ತೆ ಅದನ್ನು ಹೇಳುವಾಗ ಪಟ್ಟಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ಒಮ್ಮಿ ತೊಳಸಿದ್ದು ಸಾಕಾಗೇತ್ರಿ," ಎಂದಳು.

ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟೆ. ಇದು ಓಕರಿಕೆ ನಿಲ್ಲಿಸುವ ಗುಳಿಗೆ, ಇನ್ನೊಂದು ತೊಳಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಿದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ಕೆಮ್ಮಿನ ಔಷಧಿಯವಳು ವಾಪಸು ಮುಂದೆ ಬಂದಳು. ಅಂದಿನಿಂದ ನನ್ನ ಅಂಗಡಿಯಲ್ಲಿ ಬಸುರಿಯರ ಗುಳಿಗೆಗೆ "ಬಯಕಿ ವಾಂತಿ ಗುಳಿಗಿ" ಎಂದೇ ಹೆಸರು.

ಆದರೆ ನಗು ಬಂದ ಮಾತ್ರಕ್ಕೆ ಆಕೆ ಒಪ್ಪುವ ಪೈಕಿ ಅಲ್ಲ. ಬಯಕೆಯ ವಾಂತಿಗೆ ಗುಳಿಗೆ ಯಾಕೆ, ನಾವೆಲ್ಲ ಗುಳಿಗೆ ನುಂಗಿ ಹಡೆದೆವೇ ಎಂದು ಕೇಳಿದಳು. ಕೂಸಿಗೆ ಏನಾದರೂ ಆದರೆ ಎಂದಳು. ಏನೂ ಆಗುವುದಿಲ್ಲ, ಒಳ್ಳೆಯ ಗುಳಿಗೆ ಎಂದು ನಾನು ಹೇಳಲು ಹೋದದ್ದೇ ತಡ, ಕೈ ಅಡ್ಡ ಹಿಡಿದಳು.

"ನಿಮ್ಮ ಅಂಗಡಿ ಮಾಲು ನೀವ ಛಲೋ ಅನ್ನಾಕ ಬೇಕಲ್ಲ. ನಮ್ಮ ಸೀರಿ ಬಣ್ಣ ಬಿಡತೈತಿ ಅಂತ ನಾ ಗಿರಾಕಿ ಮುಂದ ಹೇಳತೇನೇನು?"

ಹುನ್ನೂರಿನ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವಳು ನಾನು. ಚೌಕಾಸಿ ಮಾಡಿಯೇ ಒಂದು ಅಂಗಡಿ ನಿಲ್ಲಿಸಿದವಳು. ಎದುರಿಗೆ ಇರುವವರು ನನಗಿಂತ ಗಟ್ಟಿ ಎಂದು ಗೊತ್ತಾದರೆ ಸಿಟ್ಟು ಬರುವುದಿಲ್ಲ, ಪ್ರೀತಿ ಹುಟ್ಟುತ್ತದೆ. ಮಾರುವವಳ ಬಾಯಿಂದ ಬಂದ ಮಾತು ಇಲ್ಲಿ ನಡೆಯುವುದಿಲ್ಲ ಎಂದು ತಿಳಿದು ಜಮಖಂಡಿಗೆ ಫೋನು ಹಚ್ಚಿದೆ. ಡಾಕ್ಟರ್ ಸಿಕ್ಕಾಗ ರಿಸೀವರನ್ನು ಆಕೆಯ ಕೈಗೆ ಕೊಟ್ಟು, ನಾನು ಕೌಂಟರಿಗೆ ಹೋಗಿ ನಿಂತೆ.

ಆ ಡಾಕ್ಟರ್ ಸುಳ್ಳು ಧೈರ್ಯ ಹೇಳುವವರಲ್ಲ. ನಿಮ್ಮ ಅಂಜಿಕೆ ಹುಚ್ಚು ಅಂಜಿಕೆಯಲ್ಲ ಎಂದೇ ಮೊದಲು ಹೇಳಿದರಂತೆ. ಬಹಳ ಹಿಂದೆ ಹೊರದೇಶಗಳಲ್ಲಿ ಬೇರೊಂದು ಗುಳಿಗೆಯನ್ನು ಬಸುರಿಯರ ವಾಂತಿಗೆ ಕೊಟ್ಟು, ಕೈಕಾಲು ಬೆಳೆಯದ ಮಕ್ಕಳು ಹುಟ್ಟಿದ್ದು ಖರೆ. ಆ ಭಯದ ಗಾಳಿ ಈ ಗುಳಿಗೆಯ ಮೇಲೂ ಬೀಸಿ, ಕೋರ್ಟು ಕಚೇರಿಯಾಗಿ, ಒಂದು ಕಾಲಕ್ಕೆ ತಯಾರಿಸುವವರೇ ಮಾರುವುದನ್ನು ಬಿಟ್ಟಿದ್ದರು. ಆಮೇಲೆ ಇದನ್ನು ತೆಗೆದುಕೊಂಡ ತಾಯಂದಿರ ಮಕ್ಕಳನ್ನೂ ತೆಗೆದುಕೊಳ್ಳದವರ ಮಕ್ಕಳನ್ನೂ ಹೋಲಿಸಿ ನೋಡಿದರು. ಇದರಿಂದ ಹುಟ್ಟುವಾಗಿನ ದೋಷ ಹೆಚ್ಚಾದದ್ದು ಕಾಣಲಿಲ್ಲ. ಒಂದು ಭಾಗ ಅಲರ್ಜಿಗೆ ಕೊಡುವ ಜಾತಿಯ ಹಳೆಯ ಔಷಧಿ, ನಿದ್ದೆ ತರುತ್ತದೆ. ಇನ್ನೊಂದು ಬಿ-ಆರು ಜೀವಸತ್ವ. ಹಾಗೆಂದು ವಾಂತಿಯ ಗುಳಿಗೆಗಳೆಲ್ಲ ಒಂದೇ ಅಲ್ಲ, ಯಾವುದು, ಎಷ್ಟು, ಯಾವ ತಿಂಗಳಲ್ಲಿ ಎಂದು ನೋಡಿಯೇ ಕೊಡಬೇಕು. ಬಸ್ಸಿನಲ್ಲಿ ವಾಂತಿಯಾಗುತ್ತದೆಂದು ಮನೆಯವರು ತಂದಿಟ್ಟದ್ದನ್ನು ಎತ್ತಿ ಕೊಡಬೇಡಿ ಎಂದೂ ಹೇಳಿದರಂತೆ.

ಫೋನು ಇಟ್ಟು ಆಕೆ ಪಟ್ಟಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಂದು ಕರಾರು ಹಾಕಿದಳು. ಗುಳಿಗೆಯನ್ನು ತಾನೇ ತನ್ನ ಕೈಯಿಂದ ಕೊಡುವುದು. ಮಗನ ಕೈಗೆ ಕೊಡುವುದಿಲ್ಲ. ನಾನು ಒಪ್ಪಿದೆ. ಹೋಗುವಾಗ ಇನ್ನೂ ಒಂದಿಷ್ಟು ಬುದ್ಧಿವಾದ ಕಟ್ಟಿ ಕಳಿಸಿದೆ: ಹಾಸಿಗೆಯಿಂದ ಏಳುವ ಮೊದಲೇ ಖಡಕ್ ರೊಟ್ಟಿಯ ಚೂರು ಬಾಯಿಗೆ ಹಾಕಿಕೊಳ್ಳಲಿ, ಹಾಸಿಗೆಯನ್ನು ನೂಲಿನ ಗಂಜಿಯ ವಾಸನೆಯಿಂದ ದೂರ ಹಿತ್ತಲ ಕಡೆಗೆ ಹಾಕಿ, ಒಗ್ಗರಣೆ ಕೊಡುವಾಗ ಅವಳನ್ನು ಹೊರಗೆ ಕೂರಿಸಿ, ನೀರನ್ನು ತಂಬಿಗೆಗಟ್ಟಲೆ ಕುಡಿಸದೆ ಗುಟುಕು ಗುಟುಕಾಗಿ ಕೊಡಿ. ಎಲ್ಲಾ ಮಾಡುತ್ತೇನೆ ಎಂದಳು, ಮಾಡಿದಳು ಕೂಡ.

ಕೆಲವು ದಿನ ಬಿಟ್ಟು ಮಗ ಬಂದ. ಗುಳಿಗೆ ಬೇಡವೇ ಬೇಡ ಅನ್ನುವ ಮುಖ. ರಾತ್ರಿ ಕೊಟ್ಟರೆ ಹೆಂಡತಿ ಕಲ್ಲು ಬಿದ್ದಂತೆ ಮಲಗುತ್ತಾಳೆ, ಕರೆದರೂ ಕಣ್ಣು ತೆರೆಯುವುದಿಲ್ಲ, ಬೆಳಗಾದರೆ ಮತ್ತೆ ಅದೇ ವಾಂತಿ. ನಿದ್ದೆಯ ಗುಳಿಗೆ ಕೊಟ್ಟಿದ್ದೀರೇನು ಎಂದ. ನಾನು ಹೇಗೆ ಕೊಡುತ್ತೀರಿ ಎಂದು ಕೇಳಿದೆ. ಅತ್ತೆ ತನ್ನ ಕೈಯಾರೆ ಕುಟ್ಟಿ, ಪುಡಿ ಮಾಡಿ, ಜೇನುತುಪ್ಪದಲ್ಲಿ ಕಲಸಿ, ಬೆರಳಿನಿಂದ ನಾಲಿಗೆಗೆ ಸವರುತ್ತಿದ್ದಳು. ಪಾಪ, ಸೊಸೆಗೆ ಗಂಟಲಲ್ಲಿ ಸಿಕ್ಕಬಾರದೆಂದು.

ಈ ಗುಳಿಗೆಯ ಮೈಮೇಲೆ ಒಂದು ಪದರವಿರುತ್ತದೆ. ಅದು ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋಗಿ ನಿಧಾನ ಕರಗಬೇಕು. ರಾತ್ರಿ ನುಂಗಿದ್ದು ಬೆಳಗಿನ ಹೊತ್ತಿಗೆ ಕೆಲಸಕ್ಕೆ ಬರುವುದು ಆ ಲೆಕ್ಕದಲ್ಲಿ. ಕುಟ್ಟಿದರೆ ಪದರ ಹೋಯಿತು. ಬೇಗ ಏರಿ, ನಿದ್ದೆ ಕೆಡವಿ, ಬೆಳಗು ಹರಿಯುವುದರೊಳಗೆ ಇಳಿದು ಹೋಗುತ್ತದೆ. ಕುಟ್ಟಬೇಡಿ, ಅಗಿಯಬೇಡಿ, ಇಡಿಯದನ್ನೇ ನೀರಿನ ಜೊತೆ ನುಂಗಿಸಿ ಎಂದು ಅವನಿಗೆ ಮೂರು ಸಲ ಹೇಳಿಸಿ ಕೇಳಿದೆ. ಇನ್ನು ದಾರಿಗೆ ಬಂತು ಎಂದುಕೊಂಡೆ.

ದಾರಿಗೆ ಬರಲಿಲ್ಲ. ಸಂತೆಯ ದಿನ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ ಅವನು ಮತ್ತೆ ಬಂದ. ಈ ಸಲ ಕೂಗಲಿಲ್ಲ. ಹೆಂಡತಿ ಎದ್ದು ನಿಂತರೆ ಬೀಳುತ್ತಾಳೆ, ನೀರೂ ನಿಲ್ಲುತ್ತಿಲ್ಲ, ಇದಕ್ಕಿಂತ ಜೋರಿನದು ಏನಾದರೂ ಕೊಡಿ ಎಂದ. ಬೇರೆ ಕಡೆ ಕೇಳಿದರೆ ಮನೆಗೇ ಬಂದು ಇಂಜೆಕ್ಷನ್ ಮಾಡುತ್ತೇವೆ ಅಂದಿದ್ದರಂತೆ.

ಕೊಟ್ಟು ಕಳಿಸುವುದು ಸುಲಭ. ಆದರೆ ಸರಿಯಾಗಿ ನುಂಗಿದ ಗುಳಿಗೆ ಇಷ್ಟು ದಿನವಾದರೂ ಕಾಸಿನಷ್ಟೂ ಕೆಲಸ ಮಾಡಿಲ್ಲವೆಂದರೆ ಒಂದೋ ರೋಗ ದೊಡ್ಡದಿದೆ, ಇಲ್ಲವೆ ಬೇರೆ ಏನೋ ಇದೆ. ಎರಡೂ ಕೌಂಟರಿನ ಮೇಲೆ ತೀರುವ ಮಾತಲ್ಲ. ಗಿರಾಕಿಗಳಿಗೆ ಕೈಮುಗಿದು, ಶಟರ್ ಅರ್ಧ ಎಳೆದು, ಅವನ ಸೈಕಲ್ ಮೋಟರಿನ ಹಿಂದೆ ಕೂತು ಅವರ ಮನೆಗೆ ಹೋದೆ.

ಸೊಸೆಯ ಊರು ಗಲಗಲಿ. ಆಲಮಟ್ಟಿಯ ಹಿನ್ನೀರು ಬಂದ ಮೇಲೆ ತವರಿನವರು ಹೊಸ ಪ್ಲಾಟಿನಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಆ ಬಿಸಿಲಿಗೆ ಬಸುರಿಯನ್ನು ಕಳಿಸುವುದಿಲ್ಲವೆಂದು ಅತ್ತೆಯೇ ಇಟ್ಟುಕೊಂಡಿದ್ದಳು. ಹಿತ್ತಲ ಕಡೆಯ ಖೋಲಿಯಲ್ಲಿ ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ತುಟಿ ಒಡೆದಿತ್ತು, ನಾಲಿಗೆ ಒಣಗಿ ಅಂಟುತ್ತಿತ್ತು. ಮುಂಜಾನೆಯಿಂದ ಉಚ್ಚೆಗೆ ಹೋಗಿಲ್ಲ ಎಂದಳು. ಬಳೆ ಮೊಣಕೈವರೆಗೆ ಸರಿಯುವಷ್ಟು ಕೈ ಸಣ್ಣಗಾಗಿತ್ತು. ಅತ್ತೆ ಹಿಂದಿನ ರಾತ್ರಿಯೂ ಇಡೀ ಗುಳಿಗೆ ಕೊಟ್ಟಿದ್ದಾಗಿ, ತನ್ನೆದುರೇ ನೀರು ಕುಡಿಸಿದ್ದಾಗಿ ಆಣೆ ಹಾಕಿದಳು. ರಾತ್ರಿ ಹೇಗೆ ಮಲಗಿದಳು ಎಂದೆ. ಎಲ್ಲಿ ಮಲಗುತ್ತಾಳೆ, ಹೊರಳಾಡಿ ಹೊರಳಾಡಿ ಬೆಳಗು ಮಾಡಿದಳು ಎಂದಳು ಅತ್ತೆ.

ಅಲ್ಲಿ ನನಗೆ ಅನುಮಾನ ಬಂತು. ಪುಡಿ ಮಾಡಿ ಕೊಟ್ಟಾಗ ಕಲ್ಲಿನಂತೆ ಮಲಗಿದವಳು, ಇಡೀ ಗುಳಿಗೆ ನುಂಗಿ ಹೊರಳಾಡುತ್ತಾಳೆಯೇ? ಜೇನು ಸವರಿದ ಪುಡಿಯನ್ನು ಬಾಯಲ್ಲಿ ಬಚ್ಚಿಡಲು ಆಗುವುದಿಲ್ಲ. ಇಡೀ ಗುಳಿಗೆಯನ್ನು ಇಡಬಹುದು.

ಲಿಂಬೆಹಣ್ಣಿನ ಶರಬತ್ತು ಮಾಡಿಕೊಂಡು ಬರಲು ಅತ್ತೆಯನ್ನು ಒಳಗೆ ಕಳಿಸಿದೆ. ಹುಡುಗಿಯ ಪಕ್ಕ ಕೂತು, ಗದರದೆ, "ಗುಳಿಗಿ ಎಲ್ಲಿ ಉಗಳತೀ ತಂಗಿ?" ಎಂದೆ.

ಅವಳು ಸುಳ್ಳು ಹೇಳಲಿಲ್ಲ. ನಾಲಿಗೆಯ ಕೆಳಗೆ ಇಟ್ಟುಕೊಂಡು, ಅತ್ತೆ ಆಚೆ ಹೋದ ಮೇಲೆ ಬಚ್ಚಲಿಗೆ ಉಗುಳುತ್ತಿದ್ದಳು. ಕೂಸಿಗೆ ಏನಾದರೂ ಆಗುತ್ತದೆ ಎಂಬ ಅಂಜಿಕೆಯೇ ಎಂದು ಕೇಳಿದೆ. ಅದಲ್ಲ ಎಂಬಂತೆ ತಲೆ ಅಲ್ಲಾಡಿಸಿದಳು.

"ಹ್ವಾದ ಸಲ ನನಗ ಏನೂ ಆಗಿರಲಿಲ್ರಿ ಅಕ್ಕಾರ. ಒಂದ ದಿನಾನೂ ವಾಂತಿ ಆಗಲಿಲ್ಲ. ಎಲ್ಲಾ ಉಣತಿದ್ನಿ, ಎಲ್ಲಾ ಕೆಲಸ ಮಾಡತಿದ್ನಿ. ಕೂಸು ಒಳಗ ಹೋಗಿದ್ದು ನನಗ ಗೊತ್ತ ಆಗಲಿಲ್ಲ." ಸೆರಗಿನಿಂದ ತುಟಿ ಒರೆಸಿಕೊಂಡಳು. "ಈ ಸಲ ಕಾರಿದಾಗೊಮ್ಮೆ, ಐತಿ ಐತಿ ಅನಸತೈತಿ. ನೀವು ಇದನ್ನ ನಿಲ್ಲಿಸಿಬಿಟ್ರ ನನಗ ಹೆಂಗ ತಿಳೀಬೇಕ್ರಿ?"

ಇಷ್ಟು ದಿನ ನಾನೂ ಅತ್ತೆಯೂ ಡಾಕ್ಟರೂ ಸೇರಿ ಗುಳಿಗೆ ಕೂಸಿಗೆ ಕೆಟ್ಟದ್ದೋ ಅಲ್ಲವೋ ಎಂದು ವಾದಿಸಿದ್ದೆವು. ಈ ಹುಡುಗಿಯ ತಕರಾರೇ ಬೇರೆ ಇತ್ತು. ಗುಳಿಗೆ ಕೆಲಸ ಮಾಡುವುದಿಲ್ಲ ಎಂದಲ್ಲ, ಕೆಲಸ ಮಾಡಿಬಿಡುತ್ತದೆ ಎಂದೇ ಅವಳಿಗೆ ಅಂಜಿಕೆ. ವಾಂತಿ ಆಗುವುದು ಒಳ್ಳೆಯದು, ಬಸಿರು ಗಟ್ಟಿ ಇದ್ದದ್ದಕ್ಕೆ ಗುರುತು ಎಂದು ಓಣಿಯ ಹೆಂಗಸರು ಸಮಾಧಾನಕ್ಕೆ ಹೇಳುವುದುಂಟು. ಅವಳು ಆ ಸಮಾಧಾನವನ್ನೇ ಗಟ್ಟಿಯಾಗಿ ಹಿಡಿದುಕೊಂಡು ನೀರಿಲ್ಲದೆ ಒಣಗುತ್ತಿದ್ದಳು.

ಅಲ್ಲಿ ಎರಡು ದಾರಿ ಇದ್ದವು. ಗಂಡ ಹೇಳಿದಂತೆ ಯಾರನ್ನಾದರೂ ಕರೆಸಿ ಒಂದು ಇಂಜೆಕ್ಷನ್ ಮಾಡಿಸಿದರೆ, ಅವಳು ಒಪ್ಪಲಿ ಬಿಡಲಿ, ವಾಂತಿ ನಿಲ್ಲುತ್ತಿತ್ತು. ಆಮೇಲೆ ಆ ಹುಡುಗಿ ಆ ಖೋಲಿಯಲ್ಲಿ ಕೂತು, ಸುಮ್ಮನಾದ ಹೊಟ್ಟೆಯನ್ನು ಹಿಡಿದುಕೊಂಡು, ಏನೇನು ಯೋಚಿಸುತ್ತಿದ್ದಳೋ. ನಾನು ಜಮಖಂಡಿಗೆ ಹೋಗುವುದೆಂದು ತೀರ್ಮಾನಿಸಿದೆ. ಹೇಗೂ ಅವಳಿಗೆ ಆಸ್ಪತ್ರೆಯ ಸಲೈನ್ ಬೇಕೇ ಬೇಕಿತ್ತು.

ಅವಳ ಮುಂದೆ ಒಂದು ಮಾತು ಇಟ್ಟೆ. ಡಾಕ್ಟರ ಹತ್ತಿರ ಕೂಸಿನ ಎದೆಬಡಿತ ಕೇಳಿಸುವ ಸಣ್ಣ ಮಷಿನು ಇದೆ. ಹೊಟ್ಟೆಯ ಮೇಲೆ ಹಚ್ಚಿ ಕೇಳಿಸುತ್ತಾರೆ. ಕಿವಿಯಾರೆ ಕೇಳಿದ ಮೇಲೆ ಔಷಧಿ ತೆಗೆದುಕೊಳ್ಳಬೇಕು.

ಅವಳು ಯೋಚಿಸಿದಳು. ಬರೀ ಎಲುಬಾಗಿ ಕೂತ ಹುಡುಗಿ, ಕಣ್ಣು ಮಾತ್ರ ಚುರುಕು.

"ಮೊದಲ ಕೇಳಿಸಿ ಏನ ಮಾಡೂದ್ರಿ? ಈಗ ವಾಂತಿ ಐತಿ, ಕೂಸೂ ಇರತೈತಿ. ವಾಂತಿ ನಿಂತ ಮ್ಯಾಲೆ ಕೇಳಸ್ರಿ."

ಜಮಖಂಡಿ, ಮುಧೋಳದ ಹೋಲ್‌ಸೇಲ್ ವ್ಯಾಪಾರಿಗಳೆಲ್ಲ ನನ್ನ ಚೌಕಾಸಿಗೆ ಹೆದರುತ್ತಾರೆಂದು ನನಗೊಂದು ಹೆಮ್ಮೆ ಇತ್ತು. ಆ ಹಾಸಿಗೆಯ ಮೇಲೆ ಅದು ಇಳಿಯಿತು. ಅವಳ ಕರಾರು ನನ್ನದಕ್ಕಿಂತ ಚೊಕ್ಕ. ಎರಡು ಸಲವೂ ಕೇಳಿಸೋಣ, ಮೊದಲೂ ಆಮೇಲೂ ಎಂದು ಒಪ್ಪಿದೆ. ಇನ್ನೊಂದು ಕೇಳಿಕೊಂಡಳು: ಗುಳಿಗೆ ಉಗುಳಿದ್ದನ್ನು ಅತ್ತೆಗೆ ಹೇಳಬಾರದು. ಡಾಕ್ಟರಿಗೆ ಹೇಳದೆ ನಡೆಯುವುದಿಲ್ಲ, ಅತ್ತೆಗೆ ನಾನು ಹೇಳುವುದಿಲ್ಲ ಎಂದೆ.

ಟೆಂಪೋ ಮಾಡಿಕೊಂಡು ಹೊರಟೆವು. ದಾರಿಯಲ್ಲಿ ಅತ್ತೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಗುಂಡಿ ಬಂದಾಗೊಮ್ಮೆ ಡ್ರೈವರನ ಮನೆತನವನ್ನೆಲ್ಲ ನೆನೆದಳು.

ಆಸ್ಪತ್ರೆಯಲ್ಲಿ ಡಾಕ್ಟರನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಮಷಿನಿನ ಮಾತಿಗೆ ಅವರು ಅನುಮಾನಿಸಿದರು. ಈ ತಿಂಗಳಲ್ಲಿ ಕೂಸು ಬೊಗಸೆಯಷ್ಟೂ ಇರುವುದಿಲ್ಲ, ಒಳಗೆ ಚೆನ್ನಾಗಿದ್ದರೂ ಒಮ್ಮೊಮ್ಮೆ ಮಷಿನಿಗೆ ಸಿಗುವುದಿಲ್ಲ, ಸಿಗದಿದ್ದರೆ ಇವಳು ಎದೆ ಒಡೆದುಕೊಳ್ಳುತ್ತಾಳೆ ಎಂದರು. ಕೇಳಿಸದಿದ್ದರೆ ಔಷಧಿ ತೆಗೆದುಕೊಳ್ಳುವುದೇ ಇಲ್ಲ, ಮಾತು ಕೊಟ್ಟು ಕರೆದುಕೊಂಡು ಬಂದಿದ್ದೇನೆ ಎಂದೆ. ಮಷಿನಿಗೆ ಸಿಗದಿದ್ದರೆ ಸ್ಕ್ಯಾನಿನಲ್ಲಿ ತೋರಿಸೋಣ ಎಂದು ಕೊನೆಗೆ ಒಪ್ಪಿದರು.

ಮೊದಲು ತೂಕ, ಬಿಪಿ, ನಾಡಿ. ಆಮೇಲೆ ಕಷ್ಟಪಟ್ಟು ಹಿಡಿದ ನಾಲ್ಕು ಹನಿ ಉಚ್ಚೆಯಲ್ಲಿ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ ನೋಡಿದರು. ಪಟ್ಟಿ ಕಡು ನೇರಳೆಗೆ ತಿರುಗಿತು. ಊಟವಿಲ್ಲದೆ ಮೈ ತನ್ನ ಕೊಬ್ಬನ್ನೇ ಸುಡುತ್ತಿದೆ ಎಂದು ಅದರರ್ಥ. ನಿಮ್ಮ ಮನೆಯ ಬಸುರಿ ದಿನವಿಡೀ ನೀರು ನಿಲ್ಲಿಸಿಕೊಳ್ಳದಿದ್ದರೆ, ಉಚ್ಚೆ ಕಡಿಮೆಯಾಗಿ ಚಹದ ಬಣ್ಣಕ್ಕೆ ಬಂದರೆ, ಎದ್ದರೆ ತಲೆ ಸುತ್ತಿದರೆ, ನನ್ನಂಥವರ ಅಂಗಡಿಗೆ ಬರಬೇಡಿ. ನೇರ ಆಸ್ಪತ್ರೆಗೆ ಹೋಗಿ.

ಅತ್ತೆ ಗ್ಲುಕೋಸ್ ಬಾಟ್ಲಿ ಹಚ್ಚಿರಿ ಎಂದು ನರ್ಸಿನ ಬೆನ್ನು ಹತ್ತಿದಳು. ಡಾಕ್ಟರ್ ಬೇಡವೆಂದರು. ಬಹಳ ದಿನ ಕಾರಿಕೊಂಡವರಿಗೆ ಬಿ-ಒಂದು ಕೊಡದೆ ಗ್ಲುಕೋಸ್ ಏರಿಸಿದರೆ ತಲೆಗೆ ಅಪಾಯವಾಗಬಹುದು. ಮೊದಲು ಬಿ-ಒಂದು, ಮತ್ತು ಉಪ್ಪುನೀರಿನ ಸಲೈನ್. ಗ್ಲುಕೋಸ್ ಅಂದರೆ ಶಕ್ತಿ ಎಂದು ನಂಬಿದ ಊರಿನಲ್ಲಿ ಉಪ್ಪುನೀರು ಒಪ್ಪಿಸುವುದು ಸಣ್ಣ ಕೆಲಸವಲ್ಲ. ಅದೂ ಆಯಿತು.

ಇಂಜೆಕ್ಷನ್ ಕೊಡುವ ಮೊದಲು ಮಷಿನು ತಂದರು. ಹೊಟ್ಟೆಯ ಕೆಳಭಾಗಕ್ಕೆ ತಣ್ಣನೆಯ ಜೆಲ್ಲಿ ಹಚ್ಚಿ, ಹಿಡಿಕೆಯಂಥದನ್ನು ಒತ್ತಿ ಅತ್ತಿತ್ತ ಹೊರಳಿಸಿದರು. ಗಾಳಿ ಬೀಸಿದಂಥ ಸದ್ದು, ಆಮೇಲೆ ನಿಧಾನದ ಡಬ್ ಡಬ್. ಅದು ಇವಳದೇ ರಕ್ತದ ಸದ್ದು ಎಂದರು ಡಾಕ್ಟರ್. ಇನ್ನೂ ಸ್ವಲ್ಪ ಕೆಳಗೆ ಒತ್ತಿದಾಗ, ಅದರ ಹಿಂದಿನಿಂದ ಸಣ್ಣಗೆ, ಅವಸರವಸರವಾಗಿ ಒಂದು ಸದ್ದು ಎದ್ದು ಬಂತು.

"ಇದೇನ್ರಿ ಇದು," ಎಂದಳು ಅತ್ತೆ ಮೆಲ್ಲಗೆ. "ಕರೆಂಟ್ ಬಂದ ಕೂಡಲೇ ಮಗ್ಗ ಹತ್ತಿದಂಗ ಓಡಾಕತ್ತೈತಲ್ಲ."

ಹುಡುಗಿ ನಗಲಿಲ್ಲ. ಅವಳಿಗೆ ಇದು ಅರ್ಧ ಕರಾರು ಮಾತ್ರ. ಆದರೆ ಕೈ ಚಾಚಿದಳು. ಸಲೈನಿನ ನಳಿಕೆಯಲ್ಲಿ ವಾಂತಿಯ ಇಂಜೆಕ್ಷನ್ ಹೋಯಿತು.

ಎರಡನೆಯ ಬಾಟ್ಲಿ ಇಳಿಯುತ್ತಿರುವಾಗ ಅವಳಿಗೆ ನಿದ್ದೆ ಹತ್ತಿತು. ಅತ್ತೆ ಕಾಲು ಒತ್ತುತ್ತ ಕೂತಳು. ನನ್ನನ್ನು ಅದುವರೆಗೆ ಅಕ್ಕಾರ ಎನ್ನುತ್ತಿದ್ದವಳು, "ತಂಗಿ, ನೀ ಉಂಡಿಯೋ ಇಲ್ಲೋ?" ಎಂದು ಕೇಳಿದಳು. ಗಂಟಿನಿಂದ ರೊಟ್ಟಿ, ಹಚ್ಚಿಕೊಂಡು ತಿನ್ನಲು ಶೇಂಗಾ ಹಿಂಡಿಯ ಪುಡಿ ತೆಗೆದು ಕೊಟ್ಟಳು. ಆಸ್ಪತ್ರೆಗೆ ಹೊರಡುವ ಆ ಗಡಿಬಿಡಿಯಲ್ಲೂ ರೊಟ್ಟಿ ಕಟ್ಟಿಕೊಂಡು ಬಂದ ಹೆಂಗಸು.

ಹುಡುಗಿ ಎಚ್ಚರಾದದ್ದು ಬಿಸಿಲು ಇಳಿದ ಮೇಲೆ. ಎದ್ದವಳೇ ಪಕ್ಕದ ಬೋಗುಣಿಯನ್ನು ಹತ್ತಿರ ಎಳೆದುಕೊಂಡಳು. ಏನನ್ನೋ ಕಾಯುವಂತೆ. ಓಕರಿಕೆ ಬರಲಿಲ್ಲ. ಮುಖ ಬಿಳಿಚಿತು, ಕೈ ಹೊಟ್ಟೆಗೆ ಹೋಯಿತು. ನಾನು ನರ್ಸನ್ನು ಕರೆದೆ.

ನರ್ಸು ಮಷಿನು ಹಚ್ಚಿದಳು. ಗಾಳಿಯ ಸದ್ದು. ನಿಧಾನದ ಡಬ್ ಡಬ್. ಎಡಕ್ಕೆ ಒತ್ತಿದಳು, ಬಲಕ್ಕೆ ಒತ್ತಿದಳು. ಅದೇ ಡಬ್ ಡಬ್, ಇವಳದೇ. ಹುಡುಗಿ ಸೂರು ನೋಡುತ್ತ ಮಲಗಿದ್ದಳು, ಕಣ್ಣಿನ ತುದಿಯಿಂದ ನೀರು ಕಿವಿಯೊಳಗೆ ಇಳಿಯುತ್ತಿತ್ತು. ಬಾಟ್ಲಿ ಹಚ್ಚದ ಕೈಯನ್ನು ಮೆಲ್ಲಗೆ ಎತ್ತಿ ಎರಡು ಬೆರಳು ಬಾಯಿಗೆ ಒಯ್ದಳು. ಕಾರಿಕೊಂಡರೆ ಕೂಸು ವಾಪಸು ಬರುತ್ತದೆ ಎಂಬಂತೆ. ಅತ್ತೆ ಆ ಕೈ ಹಿಡಿದು ತನ್ನ ಎದೆಗೆ ಒತ್ತಿಕೊಂಡಳು. "ಬ್ಯಾಡ ನನ ಮಗಳ," ಎಂದಳು ಅಷ್ಟೇ.

ನಾನು ಹೊರಗೆ ಓಡಿ ಡಾಕ್ಟರಿಗೆ ಹೇಳಿಕಳಿಸಿದೆ. ಎರಡು ಸಲ ಕೇಳಿಸುತ್ತೇನೆಂದು ಒಪ್ಪಿಕೊಂಡು ಬಂದವಳು ನಾನೇ.

ಡಾಕ್ಟರ್ ಓಪಿಡಿಯಿಂದ ಬಂದರು. ಮಷಿನು ಇಸಿದುಕೊಂಡು, ಇನ್ನಷ್ಟು ಜೆಲ್ಲಿ ಸುರಿದು, ಎಲ್ಲರೂ ಒತ್ತುವುದಕ್ಕಿಂತ ಬಹಳ ಕೆಳಗೆ, ಎಲುಬಿನ ಅಂಚಿಗೆ ಹಿಡಿಕೆ ಇಟ್ಟು ಓರೆ ಮಾಡಿ ನಿಲ್ಲಿಸಿದರು. ಹೊರಳಿಸಲಿಲ್ಲ. ಕಾದರು. ಮೊದಲು ದೂರದಲ್ಲಿ, ಆಮೇಲೆ ಹತ್ತಿರ, ಆ ಅವಸರದ ಸದ್ದು ಬಂತು. ಹಿಂದಿನ ಸಲದಷ್ಟೇ ಜೋರು. ಡಾಕ್ಟರ್ ಮಷಿನಿನ ದನಿ ಏರಿಸಿ, ಕೈ ತೆಗೆಯದೆ ಹಾಗೇ ಹಿಡಿದು ನಿಂತರು. ಹೊರಗೆ ಪೇಷಂಟುಗಳು ಬಾಗಿಲು ಬಡಿದರೂ ನಿಂತರು.

"ಕೇಳಿದೆಯಾ? ವಾಂತಿ ನಿಂತಿದೆ, ಇದು ನಿಂತಿಲ್ಲ," ಎಂದರು. "ವಾಂತಿ ಆಗೋದು ನಿನ್ನ ಮೈಯಿಂದ. ಇದು ತನ್ನ ಪಾಡಿಗೆ ತಾನು ನಡೆದಿದೆ. ಮುಂದಿನದಕ್ಕೆ ನಾನು ಬರೆದು ಕೊಡೋಕಾಗಲ್ಲಮ್ಮ, ಯಾರಿಗೂ ಆಗಲ್ಲ. ಆದರೆ ನೀನು ಉಂಡರೆ ಅದಕ್ಕೂ ಊಟ."

ಹುಡುಗಿ ಕಣ್ಣು ಮುಚ್ಚಿ ಕೇಳಿದಳು. ಸದ್ದು ನಿಂತ ಮೇಲೂ ಸ್ವಲ್ಪ ಹೊತ್ತು ಕೇಳುತ್ತಲೇ ಇದ್ದಳು.

ಸಂಜೆ ಅರ್ಧ ಬಟ್ಟಲು ಗಂಜಿ ಕುಡಿದಳು, ಅದು ಒಳಗೇ ಉಳಿಯಿತು. ಮನೆಗೆ ಹೋದ ಮೇಲೆ ಅದೇ ಹಳೆಯ ಗುಳಿಗೆ ಮುಂದುವರಿಸಬೇಕು, ಇವತ್ತಿನಿಂದಲೇ ಸುರು ಮಾಡಿ ಎಂದು ಡಾಕ್ಟರ್ ಹೇಳಿ ಹೋಗಿದ್ದರು. ಮಲಗುವ ಹೊತ್ತಿಗೆ ಅತ್ತೆ ಸೊಂಟದಿಂದ ಪಟ್ಟಿ ತೆಗೆದು, ಗುಳಿಗೆ ಬಿಡಿಸಿ, ಅಂಗೈಯಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿ, ಕುಟ್ಟೂದು ಬ್ಯಾಡಲ್ಲ ಎಂದು ಮತ್ತೊಮ್ಮೆ ಖಾತ್ರಿ ಮಾಡಿಕೊಂಡಳು. ಹುಡುಗಿ ಎದ್ದು ಕೂತು ಅದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

ಆಮೇಲೆ, "ಅತ್ತಿ, ಇಲ್ಲಿ ನೋಡ್ರಿ," ಎಂದಳು. ಬಾಯಿ ಅಗಲ ತೆರೆದು, ನಾಲಿಗೆ ಮೇಲೆತ್ತಿ ತೋರಿಸಿದಳು.

ತೋರಿಸು ಎಂದು ಯಾರೂ ಕೇಳಿರಲಿಲ್ಲ. ಅತ್ತೆ ಬಗ್ಗಿ ಆ ಖಾಲಿ ಬಾಯಿಯನ್ನು ನೋಡಿದಳು, ಏನೂ ತಿಳಿಯದೆ ನನ್ನ ಮುಖ ನೋಡಿದಳು. ನಾನು ಸಲೈನ್ ಬಾಟ್ಲಿಯಲ್ಲಿ ಇನ್ನೆಷ್ಟು ಉಳಿದಿದೆ ಎಂದು ನೋಡುತ್ತ ನಿಂತೆ.